ಅರಿಜೋನಾ ಮರುಭೂಮಿಯ ಚಳಿಗಾಲ: ಎಲ್ಲವೂ ‘ಫುಲ್’ ಇರುವಾಗ ಆರ್‌ವಿಗೆ ಜಾಗ ಹಿಡಿಯುವ ಬಗೆ

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಎಷ್ಟೋ ಕಂಪನಿಗಳು ಬಾಗಿಲು ಹಾಕುತ್ತವೆ, ಮಕ್ಕಳಿಗೂ ಶಾಲೆ ಇರುವುದಿಲ್ಲ. ಬೇ ಏರಿಯಾ, ಸಿಯಾಟಲ್, ಡೆನ್ವರ್ ಕಡೆಯ ಕನ್ನಡದ ಮನೆಗಳಲ್ಲಿ ನವೆಂಬರ್ ಕೊನೆಗೆ ಒಂದು ಯೋಚನೆ ಹುಟ್ಟುತ್ತದೆ: ಆರ್‌ವಿ ಬಾಡಿಗೆಗೆ ತಗೊಂಡು ಬೆಚ್ಚಗಿರೋ ಕಡೆ ಹೋಗೋಣ. ಆರ್‌ವಿ ಎಂದರೆ ಒಳಗೇ ಹಾಸಿಗೆ, ಅಡುಗೆಮನೆ, ಶೌಚ ಇರುವ ಗಾಡಿ. ಗಾಡಿ ಸುಲಭವಾಗಿ ಸಿಗುತ್ತದೆ, ಚಳಿಗಾಲದಲ್ಲಿ ಬಾಡಿಗೆಯೂ ಬೇಸಿಗೆಯಷ್ಟು ಇರುವುದಿಲ್ಲ. ಆದರೆ ರಾತ್ರಿ ನಿಲ್ಲಿಸುವ ಜಾಗ ಹುಡುಕಲು ಕೂತರೆ ತೆರೆದ ಪುಟವೆಲ್ಲ ‘ಫುಲ್’.

ಈ ‘ಫುಲ್’ ಅರ್ಧ ಮಾತ್ರ ನಿಜ. ದಕ್ಷಿಣ ಅರಿಜೋನಾ ಮತ್ತು ಅದಕ್ಕೆ ಅಂಟಿಕೊಂಡ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತುಂಬಿಹೋಗಿರುವುದು ಕರೆಂಟು, ನಲ್ಲಿ, ಕೊಳೆನೀರಿನ ಪೈಪು ಮೂರೂ ಇರುವ ಸೈಟು. ಬರೀ ನೆಲ ಬೇಕೆಂದರೆ ಲಕ್ಷಗಟ್ಟಲೆ ಎಕರೆ ಸರ್ಕಾರಿ ಜಮೀನು ಬಿದ್ದಿದೆ, ಅಲ್ಲಿ ನಿಲ್ಲುವುದು ಕಾನೂನಿನ ಪ್ರಕಾರವೇ ಸರಿ. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ವೆಬ್‌ಸೈಟಿನಿಂದ ಅಲ್ಲ. ಹೊರಗಿನ ಕರೆಂಟು, ನೀರು ಇಲ್ಲದೆ ನಿಮ್ಮ ಗಾಡಿ, ನಿಮ್ಮ ಮನೆಯವರು ಎಷ್ಟು ರಾತ್ರಿ ಕಳೆಯಬಲ್ಲರು ಅನ್ನುವ ಲೆಕ್ಕದಿಂದ.

ಬೆಚ್ಚಗಿರುವುದು ಎಲ್ಲಿ

ಅರಿಜೋನಾ ಎಂದ ಕೂಡಲೇ ಬಿಸಿಲು ಎಂದುಕೊಂಡು ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋದವರಿಗೆ ಕಾಣುವುದು ಹಿಮ. ಅಲ್ಲಿನ ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಪ್ರತಿ ಸಾವಿರ ಅಡಿ ಏರಿದಂತೆ ಹತ್ತಿರಹತ್ತಿರ 2 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಆದ್ದರಿಂದ ಊರು ಆರಿಸುವಾಗ ನಕ್ಷೆಯ ಜೊತೆಗೆ ಎತ್ತರವನ್ನೂ ನೋಡಿ. ಯೂಮಾ ಸುಮಾರು 140 ಅಡಿ, ಕ್ಯಾಲಿಫೋರ್ನಿಯಾದ ಬೊರ್ರೆಗೊ ಸ್ಪ್ರಿಂಗ್ಸ್ 600, ಕ್ವಾರ್ಟ್ಜ್‌ಸೈಟ್ 900ಕ್ಕಿಂತ ತುಸು ಕಡಿಮೆ, ಫೀನಿಕ್ಸ್ 1,100, ಟೂಸಾನ್ 2,400. ಜನವರಿಯಲ್ಲಿ ಯೂಮಾ, ಕ್ವಾರ್ಟ್ಜ್‌ಸೈಟ್ ಕಡೆ ಹಗಲು 18ರಿಂದ 21 ಡಿಗ್ರಿ, ರಾತ್ರಿ 5ರಿಂದ 9. ಬೆಂಗಳೂರಿನ ಡಿಸೆಂಬರ್ ಮುಂಜಾವಿಗಿಂತ ರಾತ್ರಿ ಚಳಿ ಹೆಚ್ಚು, ಹಗಲಿಗೆ ಸ್ವೆಟರ್ ಬೇಡ. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಪಾರ್ಕಿನ ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳು 3,000ದಿಂದ 4,500 ಅಡಿಯಲ್ಲಿವೆ. ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವುದು ಮಾಮೂಲು. ಚಿಕ್ಕ ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ 2,000 ಅಡಿಗಿಂತ ಕೆಳಗೇ ಇರುವುದು ಒಳ್ಳೆಯದು.

ನೂಕುನುಗ್ಗಲಿನ ವಾರಗಳು

ಕೆನಡಾದಿಂದ, ಅಮೆರಿಕದ ಉತ್ತರದ ರಾಜ್ಯಗಳಿಂದ ಚಳಿಗೆ ಓಡಿಬರುವ ನಿವೃತ್ತರಿಗೆ ಇಲ್ಲಿ ‘ಸ್ನೋಬರ್ಡ್’ ಎಂದು ಹೆಸರು. ಇವರು ನವೆಂಬರ್‌ನಿಂದಲೇ ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಅತಿ ಹೆಚ್ಚು ಗದ್ದಲ. ಅದರಲ್ಲೂ ಕೆಲವು ದಿನಗಳನ್ನು ಗುರುತು ಹಾಕಿಕೊಳ್ಳಿ: ಜನವರಿ ಕೊನೆಗೆ ಕ್ವಾರ್ಟ್ಜ್‌ಸೈಟಿನ ಆರ್‌ವಿ ಪ್ರದರ್ಶನ, ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಟೂಸಾನ್‌ನ ರತ್ನ ಮತ್ತು ಖನಿಜಗಳ ಮೇಳ, ಫೆಬ್ರವರಿ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ ವಾರಾಂತ್ಯ, ಫೆಬ್ರವರಿ ಕೊನೆಯಿಂದ ಮಾರ್ಚ್ ತನಕ ಫೀನಿಕ್ಸ್ ಸುತ್ತ ಬೇಸ್‌ಬಾಲ್ ತಂಡಗಳ ಅಭ್ಯಾಸ ಪಂದ್ಯಗಳು, ಮಳೆ ಚೆನ್ನಾಗಿ ಬಿದ್ದ ವರ್ಷ ಫೆಬ್ರವರಿ–ಮಾರ್ಚ್‌ನಲ್ಲಿ ಬೊರ್ರೆಗೊ ಕಡೆ ಕಾಡುಹೂವು ನೋಡಲು ಬರುವ ಜನ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್ ಮೊದಲ ಮೂರು ವಾರ ಆರಿಸಿ. ಹವೆ ಹೆಚ್ಚುಕಡಿಮೆ ಅದೇ, ಜನ ಮಾತ್ರ ಕಡಿಮೆ.

ಮೊದಲು ಗಾಡಿಯ ಲೆಕ್ಕ

ಕುಟುಂಬಗಳು ಸಾಮಾನ್ಯವಾಗಿ ಬಾಡಿಗೆಗೆ ಹಿಡಿಯುವುದು 25ರಿಂದ 28 ಅಡಿಯ ‘ಕ್ಲಾಸ್ ಸಿ’, ಅಂದರೆ ಚಾಲಕನ ತಲೆಯ ಮೇಲೂ ಹಾಸಿಗೆ ಇರುವ ಗಾಡಿ. ಇದರಲ್ಲಿ ಶುದ್ಧ ನೀರಿನ ಟ್ಯಾಂಕ್ ಸುಮಾರು 40 ಗ್ಯಾಲನ್ (150 ಲೀಟರ್), ಸಿಂಕು ಮತ್ತು ಸ್ನಾನದ ಕೊಳೆನೀರಿಗೆ ‘ಗ್ರೇ’ ಟ್ಯಾಂಕ್ ಸುಮಾರು 30, ಶೌಚದ ‘ಬ್ಲ್ಯಾಕ್’ ಟ್ಯಾಂಕ್ 25–30 ಗ್ಯಾಲನ್ ಇರುತ್ತದೆ. ಗಾಡಿಯಿಂದ ಗಾಡಿಗೆ ಅಂಕಿ ಬದಲಾಗುತ್ತದೆ, ಬುಕ್ ಮಾಡುವಾಗಲೇ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಬಿಗಿ ಕೈಯಿಂದ ಬಳಸಿದರೂ ನಾಲ್ಕು ಜನಕ್ಕೆ ದಿನಕ್ಕೆ 10–12 ಗ್ಯಾಲನ್ ಬೇಕು. ಹಾಗಾಗಿ ಮೂರು ರಾತ್ರಿ ಸುಸೂತ್ರ, ನಾಲ್ಕನೆಯದು ಕಷ್ಟ. ಮೊದಲು ಕೈಕೊಡುವುದು ಶುದ್ಧ ನೀರಲ್ಲ, ಗ್ರೇ ಟ್ಯಾಂಕ್. ಅದಕ್ಕೆ ಕಾರಣ ನಮ್ಮ ಅಡುಗೆಮನೆ: ಅಕ್ಕಿ ಬೇಳೆ ತೊಳೆದ ನೀರು, ಸಾರಿನ ಪಾತ್ರೆ, ಒಗ್ಗರಣೆಯ ಜಿಡ್ಡು. ಜಿಡ್ಡು, ಹಿಟ್ಟು, ಬೇಳೆಚೂರು ಟ್ಯಾಂಕಿನೊಳಗೆ ಕೊಳೆತು ಎರಡನೇ ದಿನವೇ ಸಿಂಕಿನಿಂದ ಮೇಲಕ್ಕೆ ನಾತ ಹೊಡೆಯುತ್ತದೆ. ತಟ್ಟೆ ಪಾತ್ರೆಗಳನ್ನು ಮೊದಲು ಪೇಪರ್ ಟವೆಲ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ತಟ್ಟೆಗೆ ಅಡಿಕೆ ಹಾಳೆಯದೋ ಕಾಗದದ್ದೋ ಬಳಸಿದರೆ ಅರ್ಧ ನೀರು ಉಳಿಯಿತು. ಮೊದಲ ಎರಡು ದಿನದ ಪಲ್ಯ, ಗೊಜ್ಜು, ಚಪಾತಿ ಹಿಟ್ಟು ಮನೆಯಿಂದಲೇ ತಯಾರಾಗಿ ಬರಲಿ.

ಶೌಚಕ್ಕೆ ಚೊಂಬು ಬಳಸುವ ಮನೆಯಲ್ಲಿ ಬ್ಲ್ಯಾಕ್ ಟ್ಯಾಂಕ್ ಬೇಗ ತುಂಬುತ್ತದೆ. ಆರೇಳು ದಿನ ಬರಬೇಕಾದದ್ದು ಮೂರು ನಾಲ್ಕು ದಿನಕ್ಕೇ ಮುಗಿಯಬಹುದು. ಆದರೆ ಇದರಿಂದ ಒಂದು ಉಪಕಾರವೂ ಇದೆ. ಬ್ಲ್ಯಾಕ್ ಟ್ಯಾಂಕಿನಲ್ಲಿ ನೀರು ಸಾಲದೇ ಹೋದರೆ ಕಾಗದ, ಮಲ ಗಟ್ಟಿ ಗುಡ್ಡೆಯಾಗಿ ಕೂತು ಡಂಪ್ ಮಾಡುವಾಗ, ಅಂದರೆ ಟ್ಯಾಂಕ್ ಖಾಲಿ ಮಾಡುವಾಗ, ಇಳಿಯುವುದಿಲ್ಲ. ಚೊಂಬಿನವರಿಗೆ ಆ ತಾಪತ್ರಯ ಬರುವುದು ಅಪರೂಪ. ಎರಡು ಚೊಂಬಿನ ಜಾಗದಲ್ಲಿ ಒಂದು ಎಂದು ಎಲ್ಲರಿಗೂ ಹೇಳಿಟ್ಟರೆ ಸಾಕು.

ಕರೆಂಟಿನ ಲೆಕ್ಕ ಇದಕ್ಕಿಂತ ಖಾರ. ಬಾಡಿಗೆ ಗಾಡಿಯ ವಾಸದ ಭಾಗಕ್ಕೆ ಹೆಚ್ಚಾಗಿ 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಒಂದೋ ಎರಡೋ ಇರುತ್ತದೆ. ಅದರಲ್ಲಿ ಕೆಡದಂತೆ ಬಳಸಬಹುದಾದ್ದು ಅರ್ಧ, ಅಂದರೆ ಒಂದಕ್ಕೆ 50. ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ, 7–8 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35–40 ಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ಹೀಟರ್ ನಿಂತರೆ ಎಲ್ಲರೂ ಗ್ಯಾಸ್ ಮುಗಿಯಿತೆಂದು ಸಿಲಿಂಡರ್ ನೋಡಲು ಓಡುತ್ತಾರೆ. ಬಹುತೇಕ ಸಲ ಸತ್ತಿರುವುದು ಬ್ಯಾಟರಿ. ಥರ್ಮೊಸ್ಟಾಟ್ 13–14 ಡಿಗ್ರಿಗೆ ಇಟ್ಟು, ದಪ್ಪ ರಜಾಯಿ ಹೊದ್ದು ಮಲಗುವುದೇ ಇದಕ್ಕೆ ಮದ್ದು. ಫ್ರಿಜ್ ಗ್ಯಾಸಿನದೋ 12 ವೋಲ್ಟಿನದೋ ಎಂದೂ ಕೇಳಿ. 12 ವೋಲ್ಟಿನ ಫ್ರಿಜ್ ದಿನಕ್ಕೆ 50ರ ಆಸುಪಾಸು ನುಂಗುತ್ತದೆ. ಅದೂ ಹೀಟರೂ ಸೇರಿದರೆ ಒಂದು ಬ್ಯಾಟರಿಯಲ್ಲಿ ರಾತ್ರಿ ದಾಟುವುದಿಲ್ಲ. ಗ್ಯಾಸಿನ ಫ್ರಿಜ್‌ಗೆ ಕರೆಂಟಿನ ಚಿಂತೆ ಇಲ್ಲ, ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಇಲ್ಲದಿದ್ದರೆ ತಂಪಾಗುವುದಿಲ್ಲ.

ಛಾವಣಿಯ ಸೋಲಾರ್ ನಂಬಿ ಕೂರಬೇಡಿ. ಡಿಸೆಂಬರ್ ಕೊನೆಗೆ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ 33–34 ಡಿಗ್ರಿಗಿಂತ ಮೇಲೇರುವುದಿಲ್ಲ, ಹಗಲು ಹತ್ತೇ ಗಂಟೆ. ಮಲಗಿಸಿಟ್ಟ 200 ವ್ಯಾಟಿನ ಪ್ಯಾನೆಲ್ ದಿನವಿಡೀ ದುಡಿದರೂ 35–40 ಆಂಪಿಯರ್-ಅವರ್ ಕೊಟ್ಟರೆ ಹೆಚ್ಚು. ಉಳಿದದ್ದಕ್ಕೆ ಜನರೇಟರ್. ಬಾಡಿಗೆ ಗಾಡಿಯ ಜನರೇಟರ್ ಸಾಮಾನ್ಯವಾಗಿ ಗಾಡಿಯ ಪೆಟ್ರೋಲ್ ಟ್ಯಾಂಕಿನಿಂದಲೇ ಕುಡಿಯುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಳಿದಾಗ, ನೀವು ವಾಪಸ್ ಹೋಗಲು ಎಣ್ಣೆ ಉಳಿಯಲೆಂದು, ತಾನೇ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿ ಬೀಳಬೇಡಿ, ಪೆಟ್ರೋಲ್ ಮುಳ್ಳು ನೋಡಿ. ಗಂಟೆಗಿಷ್ಟು ಎಂದು ಬಾಡಿಗೆ ಹಾಕುವ ಕಂಪನಿಗಳೂ ಇವೆ, ಕರಾರಿನಲ್ಲಿ ಓದಿಕೊಳ್ಳಿ.

ಇನ್ನು ಇಂಡಕ್ಷನ್ ಒಲೆ. ಅದು 1,800 ವ್ಯಾಟ್ ಎಳೆಯುತ್ತದೆ, ಬ್ಯಾಟರಿಯಲ್ಲಿ ನಡೆಯದು. 30 ಆಂಪಿಯರ್ ಹುಕಪ್ (ಸೈಟಿನಲ್ಲಿ ಸಿಗುವ ಕರೆಂಟು, ನೀರಿನ ಜೋಡಣೆ) ಇದ್ದರೂ ಒಟ್ಟು ಸಿಗುವುದು 3,600 ವ್ಯಾಟ್. ಇಂಡಕ್ಷನ್, ಮೈಕ್ರೊವೇವ್, ವಿದ್ಯುತ್ ಹೀಟರ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿನ 120 ವೋಲ್ಟಿಗೆ ಸುಮ್ಮನೆ ಗೊರಗುಟ್ಟುತ್ತದೆ. ಚಟ್ನಿ ರುಬ್ಬಿಕೊಂಡೇ ಹೊರಡಿ. ಗಾಡಿಯ ಗ್ಯಾಸ್ ಒಲೆ ಮತ್ತು ಮೂರು ಲೀಟರಿನ ಕುಕ್ಕರ್ ಇದ್ದರೆ ಹೊಟ್ಟೆಗೆ ಏನೂ ತೊಂದರೆಯಿಲ್ಲ.

ಈ ಲೆಕ್ಕದ ಉತ್ತರ ಸಾಮಾನ್ಯವಾಗಿ ಹೀಗೆ ಬರುತ್ತದೆ: ಮೂರು ರಾತ್ರಿ ಬಯಲಲ್ಲಿ, ಒಂದು ರಾತ್ರಿ ಹುಕಪ್‌ನಲ್ಲಿ, ಮತ್ತೆ ಮೂರು ರಾತ್ರಿ ಬಯಲಲ್ಲಿ. ಈಗ ನಿಮಗೆ ಬೇಕಾದ್ದು ಏಳು ಹುಕಪ್ ಸೈಟಲ್ಲ, ಒಂದೇ ಒಂದು. ಹುಡುಕಾಟ ಎಷ್ಟು ಹಗುರವಾಯಿತು ನೋಡಿ.

ಮುಂಗಡ ಬುಕಿಂಗ್: ದಿನ ಮತ್ತು ಗಂಟೆ

ಒಂದೊಂದು ಇಲಾಖೆಯ ಕಿಟಕಿ ಒಂದೊಂದು ಹೊತ್ತಿಗೆ ತೆರೆಯುತ್ತದೆ. ಅರಿಜೋನಾ ಸ್ಟೇಟ್ ಪಾರ್ಕ್‌ಗಳು ಒಂದು ವರ್ಷ ಮೊದಲೇ ಬುಕಿಂಗ್ ತೆಗೆದುಕೊಳ್ಳುತ್ತವೆ. ಫೀನಿಕ್ಸ್ ಪಕ್ಕದ ಲಾಸ್ಟ್ ಡಚ್‌ಮನ್, ಟೂಸಾನ್ ಪಕ್ಕದ ಕ್ಯಾಟಲಿನಾ, ಇವೆರಡರ ನಡುವಿನ ಪಿಕಾಚೊ ಪೀಕ್ ಈ ಸಾಲಿಗೆ ಸೇರಿದವು. ಕೇಂದ್ರ ಸರ್ಕಾರದ ಜಾಗಗಳು ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಹೆಚ್ಚಾಗಿ ಆರು ತಿಂಗಳು ಮೊದಲು ತೆರೆಯುತ್ತವೆ. ಜೋಶುವಾ ಟ್ರೀಯ ಜಂಬೊ ರಾಕ್ಸ್, ಬ್ಲ್ಯಾಕ್ ರಾಕ್, ಕಾಟನ್‌ವುಡ್, ಮೆಕ್ಸಿಕೊ ಗಡಿಯ ಪಕ್ಕದ ಆರ್ಗನ್ ಪೈಪ್ ಕ್ಯಾಕ್ಟಸ್‌ನ ಟ್ವಿನ್ ಪೀಕ್ಸ್ ಇದರಲ್ಲಿ ಸಿಗುತ್ತವೆ. ಬೊರ್ರೆಗೊ ಪಾಮ್ ಕ್ಯಾನಿಯನ್‌ನಂಥ ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳು ರಿಸರ್ವ್ ಕ್ಯಾಲಿಫೋರ್ನಿಯಾ ವೆಬ್‌ಸೈಟಿನಲ್ಲಿ, ಅವೂ ಆರು ತಿಂಗಳು ಮೊದಲು, ಪೆಸಿಫಿಕ್ ಸಮಯ ಬೆಳಿಗ್ಗೆ ಎಂಟಕ್ಕೆ.

ಗಂಟೆಯಲ್ಲಿ ಎಡವುವವರು ಬಹಳ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬಹುತೇಕ ಜಾಗಗಳು ಈಸ್ಟರ್ನ್ ಸಮಯ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತವೆ. ಡಿಸೆಂಬರ್ 27ಕ್ಕೆ ಹೋಗಿಳಿಯಬೇಕೆಂದರೆ ಬುಕಿಂಗ್ ದಿನ ಜೂನ್ 27, ಆಗ ಬೇಸಿಗೆಯ ಗಡಿಯಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳು. ಅರಿಜೋನಾದ ಬಹುಭಾಗದಲ್ಲಿ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲವಾದ್ದರಿಂದ ಅಲ್ಲೂ ಏಳೇ. ರಜೆಗೆ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಿದ್ದರೆ ರಾತ್ರಿ ಏಳೂವರೆ. ಹತ್ತು ನಿಮಿಷ ಮೊದಲೇ ಲಾಗಿನ್ ಆಗಿ, ಗಾಡಿಯ ಉದ್ದ, ಕಾರ್ಡಿನ ವಿವರ ತುಂಬಿಟ್ಟು, ಇಷ್ಟವಾದ ನಾಲ್ಕೈದು ಸೈಟ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊದಲನೆಯದು ಹೋದರೆ ಯೋಚಿಸಲು ಹೊತ್ತಿರುವುದಿಲ್ಲ.

ಆರು ತಿಂಗಳ ಕಿಟಕಿ ಎಣಿಸುವುದು ನೀವು ಬಂದಿಳಿಯುವ ದಿನದಿಂದ. ಡಿಸೆಂಬರ್ 22ಕ್ಕೆ ಬಂದು ಒಂದು ವಾರ ಕೂರುವವರು ಜೂನ್ 22ಕ್ಕೇ ನಿಮ್ಮ 27, 28ನ್ನೂ ನುಂಗಿಬಿಟ್ಟಿರುತ್ತಾರೆ. ಸರಿಯಾಗಿ ಜೂನ್ 27ರ ಏಳು ಗಂಟೆಗೆ ಕೂತರೂ ಏನೂ ಸಿಗದಿರಲು ಇದೇ ಕಾರಣ, ನಿಮ್ಮ ಇಂಟರ್‌ನೆಟ್ ನಿಧಾನವೆಂದಲ್ಲ. ಸಾಧ್ಯವಾದರೆ ಬಂದಿಳಿಯುವ ದಿನವನ್ನು ಶುಕ್ರವಾರದ ಬದಲು ಭಾನುವಾರಕ್ಕೆ ಇಡಿ. ಭಾನುವಾರದಿಂದ ಗುರುವಾರದವರೆಗಿನ ನಾಲ್ಕು ರಾತ್ರಿ, ವಾರಾಂತ್ಯದ ಎರಡು ರಾತ್ರಿಗಿಂತ ಸುಲಭವಾಗಿ ಸಿಗುತ್ತವೆ.

ಉದ್ದದ ವಿಷಯದಲ್ಲಿ ಸುಳ್ಳು ಬೇಡ. 25 ಅಡಿ ಎಂದು ಬಾಡಿಗೆಗೆ ಕೊಟ್ಟ ಗಾಡಿ ಬಂಪರ್, ಏಣಿ, ಸೈಕಲ್ ಸ್ಟ್ಯಾಂಡ್ ಸೇರಿ 27 ಆಗಿರುತ್ತದೆ. ಜೋಶುವಾ ಟ್ರೀಯ ಹಿಡನ್ ವ್ಯಾಲಿ, ವೈಟ್ ಟ್ಯಾಂಕ್‌ನಂಥ ಕಡೆ ಮಿತಿಯೇ 25 ಅಡಿ. ಆ ಪಾರ್ಕಿನಲ್ಲಿ ಯಾವ ಸೈಟಿಗೂ ಹುಕಪ್ ಇಲ್ಲ. ನೀರು ತುಂಬಿ ಡಂಪ್ ಮಾಡುವ ಸೌಕರ್ಯ ಬ್ಲ್ಯಾಕ್ ರಾಕ್ ಮತ್ತು ಕಾಟನ್‌ವುಡ್‌ನಲ್ಲಿ ಮಾತ್ರ. ಟ್ವಿನ್ ಪೀಕ್ಸ್‌ನ 208 ಸೈಟುಗಳಿಗೂ ಹುಕಪ್ ಇಲ್ಲ. ಬುಕ್ ಮಾಡುವ ಪುಟದಲ್ಲಿ ‘ಎಲೆಕ್ಟ್ರಿಕ್’ ಎಂದು ಬರೆಯದಿದ್ದರೆ ಇಲ್ಲ ಎಂದೇ ಅರ್ಥ.

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದು 62 ದಾಟಿದ್ದರೆ ಕೇಂದ್ರ ಸರ್ಕಾರದ ಸೀನಿಯರ್ ಪಾಸ್ ಸಿಗುತ್ತದೆ: ವರ್ಷಕ್ಕೆ 20 ಡಾಲರ್, ಜೀವನಪೂರ್ತಿಗೆ 80. ಎಷ್ಟೋ ಕೇಂದ್ರ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೈಟಿನ ದರ ಅರ್ಧಕ್ಕಿಳಿಯುತ್ತದೆ, ಆದರೆ ಪಾಸಿನವರು ಜೊತೆಗೇ ಉಳಿದಿರಬೇಕು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದು ಇಲ್ಲ.

ರದ್ದಾದ ಸೈಟು

ಬುಕಿಂಗ್ ಕಿಟಕಿ ತಪ್ಪಿಸಿಕೊಂಡವರಿಗೆ ಎರಡನೇ ದಾರಿ ಇದು, ಮತ್ತು ಜನ ಅಂದುಕೊಂಡಿರುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ರದ್ದು ಮಾಡಿದರೆ 10 ಡಾಲರ್ ಹೋಗುತ್ತದೆ. ಬರುವ ದಿನವೋ ಅದರ ಹಿಂದಿನ ದಿನವೋ ರದ್ದು ಮಾಡಿದರೆ ಮೊದಲ ರಾತ್ರಿಯ ದುಡ್ಡೂ ಹೋಗುತ್ತದೆ. ಹಾಗಾಗಿ ಮನಸ್ಸು ಬದಲಾಯಿಸಿದವರು ಎರಡು ಮೂರು ದಿನ ಮುಂಚೆ ಕೈಬಿಡುತ್ತಾರೆ. ನೀವು ಹುಡುಕಬೇಕಾದ್ದೂ ಆಗಲೇ: ಹೋಗುವ ದಿನಕ್ಕೆ ನಾಲ್ಕರಿಂದ ಎರಡು ದಿನ ಮೊದಲು, ರಾತ್ರಿ ಊಟವಾದ ಮೇಲೆ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ. ಮಳೆ ಗಾಳಿಯ ಮುನ್ಸೂಚನೆ ಬಂದ ದಿನ ಇನ್ನೂ ಹೆಚ್ಚು ಸೈಟು ಬೀಳುತ್ತವೆ. ಅದೇ ವೆಬ್‌ಸೈಟಿನಲ್ಲಿ ‘ಖಾಲಿಯಾದರೆ ತಿಳಿಸಿ’ ಎಂಬ ಸೌಲಭ್ಯವಿದೆ. ಕ್ಯಾಂಪ್‌ನ್ಯಾಬ್, ಕ್ಯಾಂಪ್‌ಫ್ಲೇರ್‌ನಂಥ ಸೇವೆಗಳೂ ಸಂದೇಶ ಕಳಿಸುತ್ತವೆ. ಸಂದೇಶ ಬಂದಾಗ ನಿಮ್ಮೊಬ್ಬರಿಗೇ ಬಂದಿರುವುದಿಲ್ಲ. ಎರಡು ನಿಮಿಷದೊಳಗೆ ಒತ್ತದಿದ್ದರೆ ಮುಗಿಯಿತು.

ಮೂರು ರಾತ್ರಿ ಒಟ್ಟಿಗೆ ಕೇಳಿದರೆ ಯಂತ್ರ ‘ಇಲ್ಲ’ ಎನ್ನುತ್ತದೆ. ಒಂದೊಂದೇ ರಾತ್ರಿ ಕೇಳಿ ನೋಡಿ, ಬೇರೆ ಬೇರೆ ಸೈಟಿನಲ್ಲಿ ಬಿಡಿ ರಾತ್ರಿಗಳು ಉಳಿದಿರುತ್ತವೆ. ಬೆಳಿಗ್ಗೆ ಗಾಡಿ ಪಕ್ಕದ ಸೈಟಿಗೆ ತಳ್ಳಿಕೊಳ್ಳಲು ಇಪ್ಪತ್ತು ನಿಮಿಷ ಸಾಕು.

ಖಾಸಗಿ ಪಾರ್ಕಿಗೆ ಫೋನ್

ಹುಕಪ್‌ನ ಆ ಒಂದು ರಾತ್ರಿಗೆ ಖಾಸಗಿ ಆರ್‌ವಿ ಪಾರ್ಕೇ ಗತಿ. ಇವರ ಆನ್‌ಲೈನ್ ಪುಟ ತಿಂಗಳ ಬಾಡಿಗೆಯವರ ಅನುಕೂಲಕ್ಕೆ ಮಾಡಿದ್ದು. ಇಬ್ಬರು ತಿಂಗಳಿಗರ ನಡುವೆ ಖಾಲಿ ಬಿದ್ದ ಒಂದೆರಡು ರಾತ್ರಿ ಅಲ್ಲಿ ಕಾಣಿಸದೇ ಇರಬಹುದು, ಕಚೇರಿಯ ಪುಸ್ತಕದಲ್ಲಿ ಇರುತ್ತದೆ. ಆದ್ದರಿಂದ ಫೋನ್ ಮಾಡಿ, ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ, ಅಂದು ಹೊರಡುವವರು ಹೊರಟ ಮೇಲೆ. ‘ಜಾಗ ಇದೆಯಾ’ ಎಂದಷ್ಟೇ ಕೇಳಿದರೆ ಇಲ್ಲ ಎಂದು ಇಡುತ್ತಾರೆ. ‘27 ಅಡಿ ಗಾಡಿ, ಒಂದೇ ರಾತ್ರಿ, 30 ಆಂಪಿಯರ್ ಸಾಕು, ಡಂಪ್ ಮಾಡಿ ನೀರು ತುಂಬಬೇಕು’ ಎಂದು ಹೇಳಿ. ಆಗಲೂ ಇಲ್ಲವೆಂದರೆ ಓವರ್‌ಫ್ಲೋ (ಸೈಟು ತುಂಬಿದಾಗ ನಿಲ್ಲಿಸಲು ಬಿಡುವ ಹೆಚ್ಚುವರಿ) ಜಾಗ ಇದೆಯೇ, ಉಳಿಯದೆ ಬರೀ ಡಂಪ್ ಮಾಡಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿ.

ಎರಡು ಷರತ್ತುಗಳ ಮೇಲೆ ಕಣ್ಣಿರಲಿ. ಯೂಮಾ, ಮೇಸಾ ಕಡೆಯ ಬಹಳ ಪಾರ್ಕ್‌ಗಳು ‘55+’. ಮಕ್ಕಳಿರುವ ಕುಟುಂಬವನ್ನು ಒಂದು ರಾತ್ರಿಗೂ ಬಿಡದವರಿದ್ದಾರೆ. ಇನ್ನು ಕೆಲವರು ಹತ್ತು ವರ್ಷಕ್ಕಿಂತ ಹಳೆಯ ಗಾಡಿ ಬೇಡ ಎನ್ನುತ್ತಾರೆ. ಸ್ವಂತದ ಹಳೇ ಗಾಡಿ ಇದ್ದವರು ಫೋಟೊ ಕಳಿಸಿ ಒಪ್ಪಿಸುವುದುಂಟು.

ಫೀನಿಕ್ಸ್ ಸುತ್ತ ಮಾರಿಕೋಪಾ ಕೌಂಟಿಯ ಪಾರ್ಕ್‌ಗಳನ್ನು, ಅಂದರೆ ಯೂಸರಿ ಮೌಂಟನ್, ಮೆಕ್‌ಡವೆಲ್ ಮೌಂಟನ್, ಲೇಕ್ ಪ್ಲೆಸೆಂಟ್ ಮುಂತಾದವನ್ನು, ಮರೆಯಬೇಡಿ. ಖಾಸಗಿಯವರಿಗಿಂತ ಸೈಟು ವಿಶಾಲ, ನೀರು ಕರೆಂಟು ಇರುವ ಸೈಟುಗಳು ಹೇರಳ. ವಾರದ ನಡುವೆ ಇಲ್ಲಿ ಅದೃಷ್ಟ ಖುಲಾಯಿಸುವುದು ಹೆಚ್ಚು.

ಬಯಲು: ಬಿಎಲ್‌ಎಂ ಜಮೀನು

ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲೂ ಬಿಎಲ್‌ಎಂ, ಕೇಂದ್ರ ಸರ್ಕಾರದ ಜಮೀನು ನೋಡಿಕೊಳ್ಳುವ ಇಲಾಖೆ. ಚಳಿಗಾಲದ ಜನರಿಗೆಂದೇ ಅದು ಅರಿಜೋನಾ, ಕ್ಯಾಲಿಫೋರ್ನಿಯಾ ಸೇರಿ ಏಳು ‘ಲಾಂಗ್ ಟರ್ಮ್ ವಿಸಿಟರ್ ಏರಿಯಾ’ ಮಾಡಿದೆ, ಚಿಕ್ಕದಾಗಿ ಎಲ್‌ಟಿವಿಎ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಪಡೆದು ಇರಬಹುದು. ವರ್ಷಗಳಿಂದ ನಡೆದುಬಂದ ದರ ಇಡೀ ಸೀಸನ್ನಿಗೆ 180 ಡಾಲರ್, 14 ದಿನಕ್ಕೆ 40. ಹೊರಡುವ ಮುನ್ನ ಈ ಸಲದ ದರ ನೋಡಿಕೊಳ್ಳಿ. ಸೈಟ್ ನಂಬರ್ ಇಲ್ಲ, ಮುಂಗಡವೂ ಇಲ್ಲ. ದ್ವಾರದ ಬಳಿಯ ಹೋಸ್ಟ್ ಹತ್ತಿರ ಹಣ ಕಟ್ಟಿ, ಅವರು ಕೊಡುವ ಚೀಟಿಯನ್ನು ಗಾಜಿಗೆ ಹಚ್ಚಿ, ಇಷ್ಟಬಂದ ಕಡೆ ನಿಲ್ಲಿಸುವುದು. ಕಾರ್ಡ್ ನಡೆಯದಿದ್ದರೆ ಎಂದು ನಗದು, ಚೆಕ್ ಎರಡೂ ಇರಲಿ. ಪಕ್ಕದ ಗಾಡಿಯಿಂದ ಕನಿಷ್ಠ 15 ಅಡಿ ದೂರ ಇರಬೇಕೆಂಬುದು ನಿಯಮ. ಮರ್ಯಾದೆಗೆ ಐವತ್ತು ಅರವತ್ತು ಅಡಿ ಬಿಡಿ.

ಮೊದಲ ಸಲದವರಿಗೆ ಕ್ವಾರ್ಟ್ಜ್‌ಸೈಟ್‌ನ ದಕ್ಷಿಣಕ್ಕೆ ಹೆದ್ದಾರಿ 95ರ ಎರಡೂ ಬದಿ ಹಬ್ಬಿರುವ ಲಾ ಪೊಸಾ ಎಲ್ಲಕ್ಕಿಂತ ಅನುಕೂಲ. 11,000 ಎಕರೆಗೂ ಹೆಚ್ಚು ಇದೆ. ಲಾ ಪೊಸಾ ಸೌತ್ ಭಾಗದಲ್ಲಿ ಕುಡಿಯುವ ನೀರು, ಡಂಪ್ ಸ್ಟೇಷನ್, ಕಸದ ತೊಟ್ಟಿ ಮೂರೂ ಉಂಟು, ಪರ್ಮಿಟ್ ಇದ್ದವರಿಗೆ ಬೇರೆ ದುಡ್ಡಿಲ್ಲ. ಅಂದರೆ ಮೂರು ರಾತ್ರಿಯ ಲೆಕ್ಕ ಇಲ್ಲಿ ಸಡಿಲವಾಗುತ್ತದೆ: ಟ್ಯಾಂಕ್ ತುಂಬಿತೆ, ಗಾಡಿ ಓಡಿಸಿಕೊಂಡು ಹೋಗಿ ಖಾಲಿ ಮಾಡಿ ವಾಪಸ್ ಬಂದು ನಿಲ್ಲಿಸಿದರಾಯಿತು. ಹೋಗುವಾಗ ನಿಮ್ಮ ಜಾಗದಲ್ಲಿ ಎರಡು ಕುರ್ಚಿ, ಒಂದು ಚಾಪೆ ಬಿಟ್ಟುಹೋಗಿ, ಯಾರೂ ಹಿಡಿಯುವುದಿಲ್ಲ. ಯೂಮಾದ ಉತ್ತರಕ್ಕೆ ಕೊಲೊರಾಡೊ ನದಿ ಪಕ್ಕದ ಇಂಪೀರಿಯಲ್ ಡ್ಯಾಮ್ ಎಲ್‌ಟಿವಿಎಯೂ ಇಂಥದ್ದೇ, ಇನ್ನೂ ತುಸು ಬೆಚ್ಚಗೆ.

ಪರ್ಮಿಟ್ಟಿಗೂ ದುಡ್ಡು ಬೇಡವೆಂದರೆ ಕ್ವಾರ್ಟ್ಜ್‌ಸೈಟ್ ಸುತ್ತಲೇ ಪ್ಲೊಮೋಸಾ ರೋಡ್, ಡೋಮ್ ರಾಕ್, ಸ್ಕ್ಯಾಡನ್ ವಾಶ್, ಹೈ ಜಾಲಿ ಎಂಬ 14 ದಿನದ ಉಚಿತ ಬಯಲುಗಳಿವೆ. 28 ದಿನದ ಅವಧಿಯಲ್ಲಿ 14 ದಿನ, ಆಮೇಲೆ ಜಾಗ ಖಾಲಿ ಮಾಡಬೇಕು. ನೀರು, ಡಂಪ್ ಯಾವುದೂ ಇಲ್ಲ. ಊರೊಳಗೆ ದುಡ್ಡು ಕೊಟ್ಟರೆ ಡಂಪ್, ನೀರು, ಗ್ಯಾಸ್ ಮೂರೂ ಸಿಗುತ್ತವೆ. (ಹೈ ಜಾಲಿ ಎಂಬ ಹೆಸರಿನ ಮೂಲ ಹಾಜಿ ಅಲಿ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆ ತರಿಸಿದಾಗ ಅವುಗಳ ಜೊತೆ ಬಂದವನು. ಸೈನಿಕರ ನಾಲಿಗೆ ತಿರುಗದೆ ಹೈ ಜಾಲಿ ಆದ. 1902ರಲ್ಲಿ ತೀರಿಕೊಂಡ ಅವನ ಸಮಾಧಿ ಊರಲ್ಲೇ ಇದೆ, ಪಿರಮಿಡ್ಡಿನ ಆಕಾರ, ತುದಿಯಲ್ಲೊಂದು ಒಂಟೆ. ಮಕ್ಕಳಿಗೆ ತೋರಿಸಿ.)

ಕ್ಯಾಲಿಫೋರ್ನಿಯಾ ಕಡೆಯಿಂದ ಬರುವವರಿಗೆ ಆನ್ಜಾ ಬೊರ್ರೆಗೊ ಸ್ಟೇಟ್ ಪಾರ್ಕ್ ಇದೆ. ಆರು ಲಕ್ಷ ಎಕರೆಗೂ ಮೀರಿದ ಈ ಪಾರ್ಕಿನಲ್ಲಿ ಕ್ಯಾಂಪ್‌ಗ್ರೌಂಡಿನ ಹೊರಗೂ ದುಡ್ಡಿಲ್ಲದೆ ತಂಗಬಹುದು. ಗಾಡಿ ರಸ್ತೆಯ ಅಂಚಿನಿಂದ ಒಂದು ಕಾರಿನ ಉದ್ದಕ್ಕಿಂತ ಆಚೆ ಹೋಗಕೂಡದು, ಬೆಂಕಿ ಹಾಕುವುದಾದರೆ ಲೋಹದ ಪಾತ್ರೆಯೊಳಗೇ ಹಾಕಿ ಬೂದಿ ಹೊತ್ತುಕೊಂಡು ಹೋಗಬೇಕು.

ನಕ್ಷೆಯಲ್ಲಿ ಖಾಲಿ ಕಂಡದ್ದೆಲ್ಲ ಬಿಎಲ್‌ಎಂ ಅಲ್ಲ. ನಡುನಡುವೆ ಖಾಸಗಿ ಜಮೀನು, ಮೂಲನಿವಾಸಿಗಳ ರಿಸರ್ವೇಶನ್, ಸೈನ್ಯದ ತರಬೇತಿ ಪ್ರದೇಶ, ಅರಿಜೋನಾ ರಾಜ್ಯದ ಟ್ರಸ್ಟ್ ಭೂಮಿ ಬರುತ್ತವೆ. ಟ್ರಸ್ಟ್ ಭೂಮಿಗೆ ಬೇರೆಯೇ ಪರ್ಮಿಟ್ ಬೇಕು, ಸೈನ್ಯದ ಜಾಗದಲ್ಲಿ ಸಿಡಿಯದ ಮದ್ದುಗುಂಡು ಬಿದ್ದಿರಬಹುದು. ಜಮೀನು ಯಾರದೆಂದು ಬಣ್ಣದಲ್ಲಿ ತೋರಿಸುವ ಗಯಾ ಜಿಪಿಎಸ್‌ನಂಥ ಆ್ಯಪ್ ಒಂದನ್ನು ಇಂಟರ್‌ನೆಟ್ ಇರುವಾಗಲೇ ಆಫ್‌ಲೈನ್ ಇಳಿಸಿಕೊಳ್ಳಿ. ಕ್ಯಾಂಪೆಂಡಿಯಂ, ಐಓವರ್‌ಲ್ಯಾಂಡರ್‌ನಲ್ಲಿ ಆ ಜಾಗದ ಬಗ್ಗೆ ಇದೇ ಸೀಸನ್ನಿನಲ್ಲಿ ಬರೆದದ್ದನ್ನು ಓದಿ; ಎರಡು ವರ್ಷದ ಹಿಂದಿನ ಮಾತಿಗೆ ಬೆಲೆ ಕಡಿಮೆ.

ಬಾಡಿಗೆ ಗಾಡಿಯವರು ಮರೆಯಬಾರದ ಸಂಗತಿ: ಎಷ್ಟೋ ಕರಾರುಗಳಲ್ಲಿ ಡಾಂಬರು ಬಿಟ್ಟು ಇಳಿಯುವಂತಿಲ್ಲ, ಇಳಿದು ಏನಾದರೂ ಆದರೆ ವಿಮೆ ಬರುವುದಿಲ್ಲ. ಲಾ ಪೊಸಾದ ನೆಲ ಕಲ್ಲುಮಿಶ್ರಿತ ಗಟ್ಟಿ ನೆಲವೇ, ಆದರೂ ಮಣ್ಣು ಮಣ್ಣೇ. ಸರ್ಕಾರಿ ಕ್ಯಾಂಪಿಂಗ್ ಜಾಗದೊಳಗಿನ ದಾರಿಗೆ ಅನುಮತಿ ಇದೆಯೇ ಎಂದು ಇಮೇಲಿನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ.

ಗಾಡಿ ನಿಲ್ಲಿಸುವಾಗ

ಬೆಳಕಿರುವಾಗ ತಲುಪಬೇಕು. ಡಿಸೆಂಬರ್‌ನಲ್ಲಿ ಅರಿಜೋನಾದಲ್ಲಿ ಐದೂವರೆ, ಆರಕ್ಕೆಲ್ಲ ಕತ್ತಲು. ಕ್ಯಾಲಿಫೋರ್ನಿಯಾದ ಗಡಿಯಾರ ಇನ್ನೊಂದು ಗಂಟೆ ಹಿಂದಿದ್ದು ಐದಕ್ಕೇ ಮುಗಿದಿರುತ್ತದೆ. ಹೊರಗಿಳಿದು ಮೊದಲು ನಡೆದು ನೋಡಿ, ಆಮೇಲೆ ಗಾಡಿ ತನ್ನಿ. ಮರಳು ಮೆತ್ತಗೆ ಸಪಾಟಾಗಿ ಕಾಣುವ ಕಡೆ ಸಾಮಾನ್ಯವಾಗಿ ‘ವಾಶ್’, ಅಂದರೆ ಒಣಗಿದ ಹಳ್ಳದ ಪಾತ್ರ. ಐದು ಟನ್ನಿನ ಗಾಡಿ ಅಲ್ಲಿ ಹೂತುಹೋಗುತ್ತದೆ, ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಹನಿ ಬೀಳದಿದ್ದರೂ ನೀರು ನುಗ್ಗುತ್ತದೆ. ಕಪ್ಪು ಕಲ್ಲುಚೂರು ಹಾಸಿದಂತಿರುವ ಎತ್ತರದ ನೆಲ ಹುಡುಕಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಬೆಳಗಿನ ಬಿಸಿಲು ಒಳಬರುವಂತೆ ದೊಡ್ಡ ಕಿಟಕಿ ಪೂರ್ವಕ್ಕೋ ದಕ್ಷಿಣಕ್ಕೋ ಇರಲಿ. ಮಲಗುವ ಮುಂಚೆ ಗಾಡಿಯ ಪಕ್ಕಕ್ಕೆ ಚಾಚಿದ ನೆರಳು ಬಟ್ಟೆಯನ್ನು (ಆನಿಂಗ್) ಸುತ್ತಿ ಒಳಗೆಳೆಯಿರಿ. ರಾತ್ರಿ ಎದ್ದ ಗಾಳಿ ಅದನ್ನು ಕಿತ್ತರೆ ಠೇವಣಿಯೂ ಅದರ ಜೊತೆಗೇ ಹಾರಿತು. ಚೋಯಾ ಎಂಬ ಕಳ್ಳಿಯ ಮುಳ್ಳುಂಡೆ ಮಕ್ಕಳ ಕಾಲಿಗೆ ಅಂಟಿದರೆ ಕೈಯಿಂದ ಕೀಳಬೇಡಿ, ಬಾಚಣಿಗೆ ಅಡಿಯಿಂದ ತೂರಿಸಿ ಎಗರಿಸಿ. ಗ್ರೇ ನೀರನ್ನು ಕೂಡ ನೆಲಕ್ಕೆ ಬಿಡುವಂತಿಲ್ಲ.

ಯೂಮಾದಿಂದ ಕ್ವಾರ್ಟ್ಜ್‌ಸೈಟಿಗೆ ಬರುವ ಹೆದ್ದಾರಿ 95ರಲ್ಲಿ, ಆರ್ಗನ್ ಪೈಪ್‌ನಿಂದ ಉತ್ತರಕ್ಕೆ ಬರುವ 85ರಲ್ಲಿ ಗಡಿ ಪಡೆಯ ತಪಾಸಣೆ ಇರುತ್ತದೆ. ‘ಯು.ಎಸ್. ಸಿಟಿಜನ್?’ ಎಂದು ಕೇಳುತ್ತಾರೆ. ಎಚ್1ಬಿ, ವಿಸಿಟರ್ ವೀಸಾ, ಗ್ರೀನ್ ಕಾರ್ಡ್, ಯಾವುದೇ ಇರಲಿ, ಪಾಸ್‌ಪೋರ್ಟ್, ಐ-94, ಕಾರ್ಡು ಮೂಲಪ್ರತಿಯಲ್ಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಹದಿನೆಂಟು ದಾಟಿದ ನಾಗರಿಕರಲ್ಲದವರು ಇದನ್ನು ಜೊತೆಗೆ ಇಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಮನೆಯ ಲಾಕರಿನಲ್ಲಿ ಭದ್ರವಾಗಿಟ್ಟು ಬಂದವರು ಅಲ್ಲಿ ಪೇಚಿಗೆ ಬೀಳುತ್ತಾರೆ.

ವಾಪಸ್ ಹೊರಡುವ ದಿನ ಡಂಪ್ ಸ್ಟೇಷನ್ನಿಗೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಜನವರಿ 1 ಮತ್ತು ಆರ್‌ವಿ ಪ್ರದರ್ಶನ ಮುಗಿದ ಭಾನುವಾರ ಹತ್ತರ ಮೇಲೆ ಸಾಲು ರಸ್ತೆಗೆ ಬಂದಿರುತ್ತದೆ. ಮೊದಲು ಬ್ಲ್ಯಾಕ್ ಬಿಡಿ, ಆಮೇಲೆ ಗ್ರೇ, ಸಾಬೂನಿನ ನೀರು ಪೈಪನ್ನು ತೊಳೆದುಕೊಂಡು ಹೋಗಲಿ. ಕೈಗವಸು ಗಾಡಿಯಲ್ಲಿ ಇಟ್ಟಿರುತ್ತಾರೆಂದು ನಂಬಬೇಡಿ, ಒಂದು ಪೊಟ್ಟಣ ಮನೆಯಿಂದಲೇ ತಂದಿರಿ.